ಸುಂಕದ ಕಟ್ಟೆಯಲ್ಲಿ ಒಂದು ಜೋಡು ಚಪ್ಪಲಿ

ಬಳ್ಳಾರಿ ತಾಲ್ಲೂಕಿನ ರೂಪನಗುಡಿಯಲ್ಲಿ ಬಸ್ಸು ಕಾಯುತ್ತ ಅರ್ಧ ಗಂಟೆ ಕುಳಿತವರಿಗೆ ನೋಡಲು ಬೇರೇನೂ ಸಿಗದಿದ್ದರೆ ಜನರ ಕಾಲುಗಳನ್ನು ನೋಡಬಹುದು. ಎರೆಮಣ್ಣು ಮೆತ್ತಿಕೊಂಡ ಹವಾಯಿ ಚಪ್ಪಲಿಗಳೇ ಹೆಚ್ಚು. ಶಾಲೆಯ ಮಕ್ಕಳ ಕಪ್ಪು ಬೂಟು, ಹುಡುಗರ ಬಣ್ಣಬಣ್ಣದ ಸ್ಪೋರ್ಟ್ಸ್ ಶೂ, ಹೆಣ್ಣುಮಕ್ಕಳ ರೆಕ್ಸಿನ್ ಚಪ್ಪಲಿ, ಎಲ್ಲೋ ಒಬ್ಬ ಹಿರಿಯರ ಕಾಲಲ್ಲಿ ಹಳೆಯ ತೊಗಲಿನ ಮೆಟ್ಟು. ಇನ್ನೊಬ್ಬರದು ಲಾರಿ ಟೈರಿನಿಂದ ಕೊಯ್ದು ಮಾಡಿದ್ದು. ನಮ್ಮ ಕಡೆ ಇವಕ್ಕೆಲ್ಲ ಹೆಸರುಗಳು ಬೇರೆ ಬೇರೆ: ಎಕ್ಕಡ, ಕೆರ, ಮೆಟ್ಟು, ಜೋಡು. ಹೆಸರು ಕೇಳಿದರೆ ಸಾಕು, ಹಾಕಿಕೊಂಡವರ ವಯಸ್ಸು, ಕಸುಬು, ಕೆಲವೊಮ್ಮೆ ಜಾತಿ ಕೂಡ ಊಹಿಸಿಬಿಡುತ್ತೇವೆ.

ಈ ಹೆಸರುಗಳು ಒಂದೂ ನಡೆಯದ ಜಾಗವೊಂದಿದೆ. ಅದು ಸುಂಕದ ಕಟ್ಟೆ. ಇದೇ ಚಪ್ಪಲಿಗಳು ಪರದೇಶದಿಂದ ಹಡಗಿನಲ್ಲಿ ಬಂದು ಬಂದರಿನಲ್ಲಿ ಇಳಿದರೆ, ಕಸ್ಟಮ್ಸ್ ಅಧಿಕಾರಿಗೆ ಅದರ ಹೆಸರು ಬೇಕಿಲ್ಲ. ಯಾರು ಹೊಲಿದರು, ಯಾರು ಮೆಟ್ಟುತ್ತಾರೆ ಎಂಬುದೂ ಬೇಕಿಲ್ಲ. ಅವನು ಕೇಳುವುದು ಎರಡೇ ಪ್ರಶ್ನೆ: ಕೆಳಗಿನ ಅಟ್ಟೆ ಯಾವುದರದು? ಮೇಲಿನ ಭಾಗ ಯಾವುದರದು? ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಗಾದೆ ಹುಟ್ಟಿಕೊಳ್ಳುವಷ್ಟು ಸುಂಕ ಈ ನೆಲದಲ್ಲಿ ಇದ್ದೇ ಇತ್ತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಆ ಕಾಲದಲ್ಲಿ ಬಳ್ಳಕುಂದೆ ನಾಡನ್ನು ಸಿಂದರು ಆಳುತ್ತಿದ್ದದ್ದು ಇಲ್ಲೇ ಸಮೀಪದ ಕುರುಗೋಡಿನಿಂದ. ವಿಜಯನಗರದ ಕಾಲಕ್ಕೆ ಲೆಕ್ಕ ಇನ್ನಷ್ಟು ಬಿಗಿಯಾಯಿತು. ಊರಿನ ಸಂತೆಯಲ್ಲಿ ಮಾರುವ ಸರಕಿಗೆ ಸ್ಥಳಾದಾಯ, ದಾರಿಯಲ್ಲಿ ಹಾದುಹೋಗುವ ಸರಕಿಗೆ ಮಾರ್ಗಾದಾಯ, ಹೊರನಾಡಿಗೆ ಸಾಗುವ ಸರಕಿಗೆ ಮಾಮೂಲಾದಾಯ. ಎತ್ತಿನ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ಎಣಿಕೆ.

1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ನಗರಕ್ಕೆ ಸರಕು ಬರುವ ಒಂದು ದ್ವಾರವನ್ನು ವರ್ಷಕ್ಕೆ 12,000 ಪರ್ದಾವೊಗೆ ಗುತ್ತಿಗೆ ಕೊಟ್ಟಿದ್ದನ್ನು ಬರೆದಿಟ್ಟಿದ್ದಾನೆ. ಊರಿನವನಾಗಲಿ ಪರದೇಶಿಯಾಗಲಿ, ಗುತ್ತಿಗೆದಾರ ಕೇಳಿದಷ್ಟು ಕೊಡದೆ ಒಳಗೆ ಹೋಗುವಂತಿರಲಿಲ್ಲ ಎಂಬುದು ಅವನ ಮಾತಿನ ಸಾರ. ಈ ‘ಕೇಳಿದಷ್ಟು’ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇಂದಿನ ಸುಂಕದ ಪುಸ್ತಕದ ಒಣಒಣ ಭಾಷೆಗೆ ಇದೇ ಒಂದು ಕಾರಣ.

ನೂನಿಜ್‌ಗಿಂತ ಹತ್ತು ಹದಿನೈದು ವರ್ಷ ಮೊದಲು, ಕೃಷ್ಣದೇವರಾಯ ಆಳುತ್ತಿದ್ದಾಗ ಬಂದ ಡೊಮಿಂಗೊ ಪಾಯೆಸ್ ಜನರ ಕಾಲುಗಳನ್ನೂ ನೋಡಿದ್ದ. ನಾಡಿನ ಬಹುಪಾಲು ಜನ ಬರಿಗಾಲಲ್ಲೇ ನಡೆಯುತ್ತಾರೆ ಎನ್ನುತ್ತಾನೆ. ಮೆಟ್ಟುವವರಲ್ಲಿ ಕೆಲವರದು ಮೂತಿ ಚೂಪಾದ ಜೋಡು. ಇನ್ನು ಕೆಲವರದು ಬರೀ ಅಟ್ಟೆ, ಅದು ಕಾಲಿಗೆ ಅಂಟಿಕೊಂಡಿರಲೆಂದು ಮೇಲೆ ಒಂದೆರಡು ಪಟ್ಟಿ. ಇಟಲಿಯ ಹಳೆಯ ಚಿತ್ರಗಳಲ್ಲಿ ರೋಮನ್ನರು ಹಾಕಿಕೊಂಡಿರುತ್ತಾರಲ್ಲ, ಅಂಥವು ಎಂದು ತನ್ನ ದೇಶದ ಓದುಗರಿಗೆ ತಿಳಿಯುವಂತೆ ಹೋಲಿಸುತ್ತಾನೆ. ಚಪ್ಪಲಿಯ ಕನ್ನಡ ಹೆಸರು ಅವನಿಗೆ ಗೊತ್ತಿರಲಿಲ್ಲವೋ ಏನೋ, ಅಟ್ಟೆ ಮತ್ತು ಪಟ್ಟಿ ಎಂದು ಭಾಗ ಮಾಡಿ ವರ್ಣಿಸಿದ. ಐನೂರು ವರ್ಷಗಳ ನಂತರ ಜಗತ್ತಿನ ಸುಂಕದ ಕಟ್ಟೆಗಳೆಲ್ಲ ಮಾಡುವುದೂ ಇದನ್ನೇ.

ಬಹುಪಾಲು ಜನ ಬರಿಗಾಲಲ್ಲಿ ನಡೆದದ್ದಕ್ಕೆ ಬಡತನವೊಂದೇ ಕಾರಣವಲ್ಲ ಎಂಬುದನ್ನು ಪಾಯೆಸ್ ಬರೆಯಲಿಲ್ಲ. ಚಪ್ಪಲಿ ಹೊಲಿದವರಿಗೇ ಚಪ್ಪಲಿ ಮೆಟ್ಟಿ ಮೇಲುಜಾತಿಯ ಕೇರಿಯಲ್ಲಿ ನಡೆಯುವ ಹಕ್ಕಿರಲಿಲ್ಲ. ಕೈಯಲ್ಲಿ ಹಿಡಿದು ದಾಟಿದ ಅಜ್ಜಂದಿರ ನೆನಪು ಎಷ್ಟೋ ಮನೆಗಳಲ್ಲಿ ಇನ್ನೂ ಮಾಸಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿ ತಂದ ಕಥೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಅದರಲ್ಲಿ ಚಪ್ಪಲಿಗಿಂತ ದೊಡ್ಡದು ಅದನ್ನು ಮಾಡಿದವರ ಹೆಸರು. ಇರಲಿ, ಸುಂಕಕ್ಕೆ ಬರೋಣ.

ಬ್ರಿಟಿಷರ ಆಳ್ವಿಕೆಯಲ್ಲಿ ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಮದ್ರಾಸ್ ಪ್ರಾಂತ್ಯ ಹದ ಮಾಡಿದ ತೊಗಲಿಗೆ ಹೆಸರಾಗಿತ್ತು. ತಂಗಡಿ ಗಿಡದ ತೊಗಟೆಯಲ್ಲಿ ಹದಗೊಂಡ ಚರ್ಮ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಹಳ್ಳಿಯಲ್ಲಿ ಉಳಿದ ತೊಗಲು ಮೆಟ್ಟಿಗೆ, ಎತ್ತಿನ ಮಿಣಿಗೆ, ಕಪಿಲೆ ಬಾವಿಯಿಂದ ನೀರೆತ್ತುವ ದೊಡ್ಡ ಚೀಲಕ್ಕೆ ಆಗುತ್ತಿತ್ತು. 1919ರಲ್ಲಿ ಸರ್ಕಾರ ಹಸಿ ಚರ್ಮದ ರಫ್ತಿನ ಮೇಲೆ ಶೇ 15ರ ಸುಂಕ ಹಾಕಿತು. ಚರ್ಮ ಹದವಾಗುವುದು ಬ್ರಿಟಿಷ್ ಸಾಮ್ರಾಜ್ಯದ ಒಳಗೇ ಆದರೆ ಸುಂಕದ ಮೂರರಲ್ಲಿ ಎರಡು ಪಾಲು ಮಾಫಿ. ಅಂದರೆ ಒಂದೇ ಚರ್ಮ ಲಂಡನ್ನಿಗೆ ಹೋದರೆ ಒಂದು ದರ, ಹ್ಯಾಂಬರ್ಗ್‌ಗೆ ಹೋದರೆ ಇನ್ನೊಂದು. 1923ರಲ್ಲಿ ಸುಂಕವನ್ನು ಶೇ 5ಕ್ಕೆ ಇಳಿಸಲಾಯಿತು. ಸುಂಕ ಎಂಬುದು ಬರೀ ಬೊಕ್ಕಸದ ಲೆಕ್ಕವಲ್ಲ, ಯಾರ ಕಸುಬು ಎಲ್ಲಿ ನಡೆಯಬೇಕು ಎಂಬ ತೀರ್ಮಾನವೂ ಹೌದು ಎಂಬುದಕ್ಕೆ ಇದಕ್ಕಿಂತ ಬಿಡಿಸಿದ ಉದಾಹರಣೆ ಬೇಡ.

ಎರಡನೆಯ ಮಹಾಯುದ್ಧದ ನಂತರ ದೇಶದೇಶಗಳ ನಡುವೆ ಸರಕಿನ ಓಡಾಟ ಹೆಚ್ಚಿತು. ಒಂದೊಂದು ದೇಶ ಒಂದೊಂದು ಪಟ್ಟಿ ಇಟ್ಟುಕೊಂಡರೆ ಜಗಳ ತೀರುವುದಿಲ್ಲ ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಬ್ರಸೆಲ್ಸ್ ನಗರದಲ್ಲಿ ರೂಪುಗೊಂಡ ಪಟ್ಟಿಯನ್ನು ಆಧರಿಸಿ ಭಾರತ 1975ರಲ್ಲಿ ಕಸ್ಟಮ್ಸ್ ಸುಂಕ ಕಾಯ್ದೆ ತಂದಿತು. ಆಮೇಲೆ ಅದೇ ಬ್ರಸೆಲ್ಸ್‌ನಲ್ಲಿ 1983ರ ಜೂನ್‌ನಲ್ಲಿ ಇನ್ನೂ ವಿಸ್ತಾರವಾದ ಒಪ್ಪಂದವಾಯಿತು. ಇಂಗ್ಲಿಷಿನಲ್ಲಿ ಹಾರ್ಮೊನೈಸ್ಡ್ ಸಿಸ್ಟಮ್ ಎನ್ನುವ ಈ ಏಕರೂಪದ ಪಟ್ಟಿ 1988ರ ಜನವರಿ 1ರಿಂದ ಜಾರಿಗೆ ಬಂತು. ಭಾರತ ಎರಡು ವರ್ಷ ಮೊದಲೇ, 1986ರಲ್ಲಿ ತನ್ನ ಪುಸ್ತಕವನ್ನು ಇದಕ್ಕೆ ಹೊಂದಿಸಿಕೊಂಡಿತ್ತು. ಈಗ ಇನ್ನೂರಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳು ಬಳಸುವ ಪಟ್ಟಿ ಇದು. ಮೊದಲ ಆರು ಅಂಕಿ ಎಲ್ಲ ಕಡೆ ಒಂದೇ. ಅದರ ಮುಂದೆ ಆಯಾ ದೇಶ ತನಗೆ ಬೇಕಾದಂತೆ ಅಂಕಿ ಸೇರಿಸಿಕೊಳ್ಳಬಹುದು. ನಮ್ಮಲ್ಲಿ ಒಟ್ಟು ಎಂಟು.

ಈ ಪುಸ್ತಕದ 64ನೇ ಅಧ್ಯಾಯವೇ ಪಾದರಕ್ಷೆ. ಪತ್ರಿಕೋದ್ಯಮದ ಡಿಪ್ಲೊಮಾ ತರಗತಿಯಲ್ಲಿ ಶೀರ್ಷಿಕೆ ಆರು ಪದ ಮೀರಬಾರದು ಎಂದು ನಮಗೆ ಕಲಿಸಿದ್ದರು. ಸುಂಕದ ಪುಸ್ತಕದ ಶೀರ್ಷಿಕೆಗಳನ್ನು ಓದುವಾಗ ಉಸಿರು ಕಟ್ಟುತ್ತದೆ. ಆದರೆ ತಾಳ್ಮೆಯಿಂದ ಬಿಡಿಸಿದರೆ ರೂಪನಗುಡಿಯ ಬಸ್ ನಿಲ್ದಾಣದ ಕಾಲುಗಳೆಲ್ಲ ಅದರಲ್ಲಿ ಸಿಗುತ್ತವೆ. 6401ರಲ್ಲಿ ಅಚ್ಚಿನಲ್ಲಿ ಎರಕ ಹೊಯ್ದಂತೆ, ಹೊಲಿಗೆ ಮೊಳೆಗಳಿಲ್ಲದೆ ಮಾಡಿದ ರಬ್ಬರ್ ಅಥವಾ ಪ್ಲಾಸ್ಟಿಕ್‌ನ ನೀರು ನುಗ್ಗದ ಜೋಡು, ಅಂದರೆ ಗಂಬೂಟಿನ ಜಾತಿ. 6402ರಲ್ಲಿ ಅಟ್ಟೆಯೂ ಮೇಲ್ಭಾಗವೂ ರಬ್ಬರ್ ಇಲ್ಲವೆ ಪ್ಲಾಸ್ಟಿಕ್ ಆಗಿರುವ ಉಳಿದವು. 6403ರಲ್ಲಿ ಮೇಲ್ಭಾಗ ತೊಗಲು. 6404ರಲ್ಲಿ ಮೇಲ್ಭಾಗ ಬಟ್ಟೆ. ಕ್ಯಾನ್ವಾಸ್ ಶೂ ಇಲ್ಲಿಗೆ ಬಂತು. ಇವು ಯಾವುದಕ್ಕೂ ಹೊಂದದ್ದೆಲ್ಲ 6405. ಬಿಡಿಭಾಗಗಳು 6406. ಸಂಡೂರಿನ ಗಣಿಗಳಂಥ ಕಡೆ ಬೇಕಾಗುವ, ಬೆರಳ ಮೇಲೆ ಲೋಹದ ಟೋಪಿ ಇರುವ ಬೂಟಿಗೆ ಪ್ರತ್ಯೇಕ ಸಾಲುಗಳಿವೆ.

ನಮ್ಮ ಹವಾಯಿ ಚಪ್ಪಲಿಗೂ ಒಂದು ಸಾಲಿದೆ, ಹೆಸರು ಮಾತ್ರ ಇಲ್ಲ. 6402.20ರಲ್ಲಿ ಅದನ್ನು ‘ಬಿರಡೆಗಳ ಮೂಲಕ ಅಟ್ಟೆಗೆ ಕೂಡಿಸಿದ ಪಟ್ಟಿಯುಳ್ಳ ಪಾದರಕ್ಷೆ’ ಎಂಬ ಅರ್ಥದಲ್ಲಿ ವರ್ಣಿಸಲಾಗಿದೆ. ಬಾರು ಕಿತ್ತುಬಂದಾಗ ಅಟ್ಟೆಯ ತೂತಿನೊಳಗೆ ಮತ್ತೆ ತುರುಕುತ್ತೇವಲ್ಲ, ಆ ಗುಂಡನೆಯ ರಬ್ಬರ್ ಗುಬ್ಬಿಯೇ ಈ ಬಿರಡೆ. ಅದೇ ಅದರ ಗುರುತು.

ಸಮಸ್ಯೆ ಶುರುವಾಗುವುದು ಮಿಶ್ರ ಜಾತಿಯ ಜೋಡುಗಳಲ್ಲಿ. ಇಂದಿನ ಸ್ಪೋರ್ಟ್ಸ್ ಶೂ ಒಂದನ್ನು ಹಿಡಿದು ನೋಡಿ. ಬಲೆಯಂಥ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಪಟ್ಟಿ, ಹಿಮ್ಮಡಿಯಲ್ಲಿ ತುಸು ತೊಗಲು. ಇದನ್ನು ಏನೆಂದು ಕರೆಯುವುದು? ಅಧ್ಯಾಯದ ಟಿಪ್ಪಣಿ ಇದಕ್ಕೆ ಉತ್ತರ ಕೊಡುತ್ತದೆ: ಮೇಲ್ಭಾಗದ ಹೊರಮೈಯಲ್ಲಿ ಯಾವ ವಸ್ತು ಅತಿ ಹೆಚ್ಚು ಜಾಗ ಆವರಿಸಿದೆಯೋ ಅದೇ ಆ ಜೋಡಿನ ವಸ್ತು. ಬಕಲ್ಲು, ಅಂಚುಪಟ್ಟಿ, ಅಲಂಕಾರ, ಕಣಕಾಲಿನ ತೇಪೆ ಇವನ್ನು ಲೆಕ್ಕಕ್ಕೆ ಹಿಡಿಯಬಾರದು. ಅಟ್ಟೆಗೂ ಹೀಗೆಯೇ, ನೆಲಕ್ಕೆ ತಾಗುವ ಮೈಯಲ್ಲಿ ಯಾವುದು ಹೆಚ್ಚೋ ಅದು. ಮೊಳೆ, ನಾಲು ಲೆಕ್ಕಕ್ಕಿಲ್ಲ. ರೆಕ್ಸಿನ್‌ನಂಥ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರವಿದ್ದರೆ, ಆ ಪದರ ಬರಿಗಣ್ಣಿಗೆ ಕಾಣುವಂತಿದ್ದರೆ ಅದು ಪ್ಲಾಸ್ಟಿಕ್. ಇಷ್ಟೆಲ್ಲ ಯಂತ್ರ, ಪ್ರಯೋಗಾಲಯಗಳ ಕಾಲದಲ್ಲೂ ಕಾನೂನು ಬರಿಗಣ್ಣನ್ನು ನಂಬಿರುವುದು ಈ ಲೇಖಕನಿಗೆ ಯಾಕೋ ಹಿಡಿಸಿತು.

ಇನ್ನೂ ವಿಚಿತ್ರಗಳಿವೆ. ಮೂಳೆ ವೈದ್ಯರು ಹೇಳಿ ಮಾಡಿಸುವ ಜೋಡು ಈ ಅಧ್ಯಾಯದಲ್ಲಿ ಬಾರದೆ 90ನೇ ಅಧ್ಯಾಯದ ವೈದ್ಯಕೀಯ ಉಪಕರಣಗಳ ಜೊತೆ ಕೂರುತ್ತದೆ. ಗೊಂಬೆಯ ಚಪ್ಪಲಿ ಆಟಿಕೆಯ ಜೊತೆ. ಮೆಟ್ಟಿ ಸವೆದದ್ದೆಂದು ಎದ್ದು ಕಾಣುವ, ಮೂಟೆಗಟ್ಟಲೆ ಬಂದ ಹಳೆಯ ಚಪ್ಪಲಿಗಳು ಹಳೆಬಟ್ಟೆಯ ಜೊತೆ 6309ಕ್ಕೆ. ಮರದ ಅಟ್ಟೆಯ ಮೇಲೆ ತೊಗಲು ಕೂಡಿಸಿದ ಒಂದು ಬಗೆಯ ಜೋಡಿಗೆ ಮೊದಲು ಸ್ವಂತ ಸಾಲಿತ್ತು; ವ್ಯಾಪಾರ ಕಡಿಮೆಯಾಯಿತೆಂದು 2007ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟರು. ನಮ್ಮ ಮಠಗಳ ಹಾವುಗೆಗೆ ಇದರಿಂದ ನಷ್ಟವೇನೂ ಇಲ್ಲ. ಅದಕ್ಕೆ ಗುಬುಟು ಬಿಟ್ಟರೆ ಮೇಲ್ಭಾಗವೇ ಇಲ್ಲ!

ಇಷ್ಟು ಸೂಕ್ಷ್ಮ ಯಾಕೆ ಎಂದರೆ ಸಾಲು ಬದಲಾದರೆ ದರ ಬದಲಾಗುತ್ತದೆ. ಅಮೆರಿಕದ ಸುಂಕಪಟ್ಟಿಯಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ಬಟ್ಟೆಯ ಮೇಲ್ಭಾಗ, ರಬ್ಬರ್ ಅಟ್ಟೆಯ ಕೆಲವು ಶೂಗಳಿಗೆ ಶೇ 37.5ರಷ್ಟು ಸುಂಕವಿದ್ದರೆ, ಅಟ್ಟೆಯೂ ಬಟ್ಟೆಯದಾದರೆ ಅದರ ಒಂದು ಸಣ್ಣ ಪಾಲು ಮಾತ್ರ. ಹಾಗಾಗಿ ಕೆಲವು ತಯಾರಕರು ರಬ್ಬರ್ ಅಟ್ಟೆಯ ತಳಕ್ಕೆ ನವಿರಾದ ಬಟ್ಟೆಯ ಪದರ ಅಂಟಿಸಿ ಕಳಿಸತೊಡಗಿದರು. ನಾಲ್ಕು ದಿನ ನಡೆದರೆ ಸವೆದು ಹೋಗುವ ಪದರ. ಆದರೆ ಬಂದರಿನಲ್ಲಿ ಪೆಟ್ಟಿಗೆ ತೆರೆದಾಗ ನೆಲಕ್ಕೆ ತಾಗುವ ಮೈ ಬಟ್ಟೆಯದೇ ಅಲ್ಲವೆ? ಈ ಕೈಚಳಕ ವರ್ಷಗಟ್ಟಲೆ ನಡೆದು, ಕೊನೆಗೆ 2011ರ ಹೊತ್ತಿಗೆ ಅಮೆರಿಕ ತನ್ನ ಟಿಪ್ಪಣಿಯನ್ನೇ ತಿದ್ದಬೇಕಾಯಿತು.

ಭಾರತದ ಕಥೆ ಬೇರೆ. ಇಲ್ಲಿ ಗ್ರಾಹಕ ವಸ್ತುಗಳ ಆಮದಿಗೆ ಬಹುಕಾಲ ಲೈಸೆನ್ಸಿನ ಕಟ್ಟುಪಾಡಿತ್ತು. ಆ ಪರಿಮಾಣ ನಿರ್ಬಂಧಗಳಲ್ಲಿ ಕೊನೆಯವು ತೆರವಾದದ್ದು 2001ರ ಏಪ್ರಿಲ್ 1ರಂದು. ನಂತರ ಅಡ್ಡಗೋಡೆಯಾಗಿ ಉಳಿದದ್ದು ಸುಂಕವೊಂದೇ. ಪಾದರಕ್ಷೆಯ ಮೂಲ ಸುಂಕ 2018ರ ಬಜೆಟ್ಟಿನಲ್ಲಿ ಶೇ 10ರಿಂದ 20ಕ್ಕೆ, ಅದೇ ಸೆಪ್ಟೆಂಬರಿನಲ್ಲಿ 25ಕ್ಕೆ, 2020ರ ಫೆಬ್ರುವರಿಯಲ್ಲಿ 35ಕ್ಕೆ ಏರಿತು. 2025ರ ಬಜೆಟ್ಟಿನಲ್ಲಿ ಮೂಲ ಸುಂಕವನ್ನು ಶೇ 20ಕ್ಕೆ ಇಳಿಸಿದರೂ ಶೇ 18.5ರ ಕೃಷಿ ಮೂಲಸೌಕರ್ಯ ಸೆಸ್ ಸೇರಿಸಿದ್ದರಿಂದ ಒಟ್ಟು ಹೊರೆ ಮೊದಲಿನ ಶೇ 38.5ರಲ್ಲೇ ನಿಂತಿತು. ಸಾವಿರ ರೂಪಾಯಿ ಮೌಲ್ಯದ ಜೋಡಿಗೆ 385 ರೂಪಾಯಿ, ಜಿಎಸ್‌ಟಿ ಬೇರೆ. ವ್ಯಾಪಾರ ಒಪ್ಪಂದವಿರುವ ದೇಶಗಳಿಂದ ಬಂದದ್ದಕ್ಕೆ ರಿಯಾಯಿತಿ ಉಂಟು.

ಇಲ್ಲಿ ಗಮನಿಸಬೇಕಾದ ಸಂಗತಿ: 6401ರಿಂದ 6405ರವರೆಗೆ ಈ ಏರಿಳಿತವೆಲ್ಲ ಒಂದೇ ಅಳತೆಯದು. ತೊಗಲೋ ಪ್ಲಾಸ್ಟಿಕ್ಕೋ ಎಂಬ ಜಗಳಕ್ಕೆ ನಮ್ಮ ಬಂದರುಗಳಲ್ಲಿ ಅಷ್ಟು ಬೆಲೆಯಿಲ್ಲ. ಹಾಗೆಂದು ಜಗಳವೇ ಇಲ್ಲವೆಂದಲ್ಲ, ಅದು 6406ರ ಬಾಗಿಲಿಗೆ ಸರಿಯುತ್ತದೆ. 2020ರಲ್ಲಿ ಪೂರ್ತಿ ಜೋಡಿಗೆ ಶೇ 35 ಆದಾಗ ಬಿಡಿಭಾಗಕ್ಕೆ ಇದ್ದದ್ದು ಶೇ 20. ಅಟ್ಟೆಯನ್ನೂ ಮೇಲ್ಭಾಗವನ್ನೂ ಬಿಡಿಬಿಡಿಯಾಗಿ ತಂದು ಇಲ್ಲಿ ಅಂಟಿಸಿದರೆ ಲಾಭವಲ್ಲವೆ ಎಂದು ವ್ಯಾಪಾರಿ ಯೋಚಿಸುವುದು ಸಹಜ. ಅದಕ್ಕೂ ಪುಸ್ತಕದಲ್ಲಿ ಉತ್ತರವಿದೆ. ಅಪೂರ್ಣ ವಸ್ತುವಿಗೆ ಪೂರ್ಣ ವಸ್ತುವಿನ ಮುಖ್ಯ ಲಕ್ಷಣ ಬಂದುಬಿಟ್ಟಿದ್ದರೆ, ಅಥವಾ ಜೋಡಿಸುವುದಷ್ಟೇ ಬಾಕಿಯಿದ್ದರೆ, ಅದನ್ನು ಪೂರ್ಣ ವಸ್ತುವೆಂದೇ ಎಣಿಸತಕ್ಕದ್ದು. ಎಷ್ಟು ಹೊಲಿದರೆ ಅದು ಚಪ್ಪಲಿ? ರಂಪಿಗೆ ಹಿಡಿದು ಕೂತವರನ್ನು ಕೇಳಿದರೆ ಒಂದು ಉತ್ತರ, ವಕೀಲರನ್ನು ಕೇಳಿದರೆ ಇನ್ನೊಂದು.

ಈಗ 6403.20ಕ್ಕೆ ಬರೋಣ, ಈ ಬರಹಕ್ಕೆ ಕಾರಣವಾದದ್ದೇ ಆ ಸಾಲು. ತೊಗಲಿನ ಅಟ್ಟೆ, ಪಾದದ ಮೇಲೆ ಅಡ್ಡಲಾಗಿ ಹಾಯುವ ಮತ್ತು ಹೆಬ್ಬೆರಳನ್ನು ಸುತ್ತುವ ತೊಗಲಿನ ಪಟ್ಟಿಗಳು ಇರುವ ಪಾದರಕ್ಷೆ ಎಂಬುದು ಅದರ ವರ್ಣನೆ. ಓದಿದ ಕೂಡಲೇ ಉತ್ತರ ಕರ್ನಾಟಕದ ಯಾರಿಗಾದರೂ ಕಣ್ಣ ಮುಂದೆ ಬರುವುದು ಒಂದೇ: ಕೊಲ್ಹಾಪುರಿ ಚಪ್ಪಲಿ. 1970ರ ದಶಕದಲ್ಲಿ ಹಿಪ್ಪಿಗಳ ಕಾಲಲ್ಲಿ ಅಮೆರಿಕ, ಯೂರೋಪುಗಳಿಗೆ ಹೋದ ಜೋಡು ಇದು. ಜಗತ್ತಿನ ವ್ಯಾಪಾರದ ಪಟ್ಟಿಯಲ್ಲಿ ಅಂಥ ಜೋಡಿಗೆ ಸ್ವಂತದ್ದೊಂದು ಸಾಲು ಸಿಕ್ಕಿದೆ. ಅಮೆರಿಕದ ಮಾಮೂಲಿ ಪಟ್ಟಿಯಲ್ಲಿ ಈ ಸಾಲಿಗೆ ಸುಂಕವೇ ಇಲ್ಲ. ಅದೇ ಆಕಾರದ ಪ್ಲಾಸ್ಟಿಕ್ ನಕಲು ಹೋದರೆ ಅದು ಬೇರೆ ಸಾಲಿಗೆ ಬಿದ್ದು ಸುಂಕ ತೆರಬೇಕು. ಒಣಒಣ ವರ್ಣನೆಯೊಂದು ಕೈಕಸುಬಿನವರ ಪರವಾಗಿ ನಿಂತ ಅಪರೂಪದ ಪ್ರಸಂಗವಿದು.

ಆದರೆ ಆರಂಕಿಯ ಆ ಸಾಲಿನಲ್ಲಿ ಕೊಲ್ಹಾಪುರದ ಹೆಸರಿಲ್ಲ. ಅಥಣಿಯ ಹೆಸರಂತೂ ಇಲ್ಲ. ಕೊಲ್ಹಾಪುರಿ ಎಂದು ಮಾರಾಟವಾಗುವ ಚಪ್ಪಲಿಯಲ್ಲಿ ದೊಡ್ಡ ಪಾಲು ಹೊಲಿದು ಬರುವುದು ಬೆಳಗಾವಿ ಜಿಲ್ಲೆಯ ಅಥಣಿ, ಮದಭಾವಿ, ನಿಪ್ಪಾಣಿಯ ಕಡೆಯಿಂದ. ಮಾರುಕಟ್ಟೆ ಕೊಲ್ಹಾಪುರದ್ದು, ಕೈ ನಮ್ಮವರದು, ಹೆಸರು ಮಾರುಕಟ್ಟೆಯದು. ಕೊನೆಗೂ 2018-19ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸತಾರಾ, ಸೊಲ್ಲಾಪುರಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಮಾನ್ಯತೆ ಪಡೆದದ್ದು ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳು. ನಮ್ಮದು 1976ರಲ್ಲಿ ಸ್ಥಾಪನೆಯಾದ ಲಿಡ್ಕರ್. ಬಳ್ಳಾರಿ ಆ ಎಂಟರಲ್ಲಿಲ್ಲ. ನಮ್ಮ ಕಡೆಯ ಮೆಟ್ಟು ಎಷ್ಟೇ ಗಟ್ಟಿಯಿದ್ದರೂ ಆ ಹೆಸರಿಗೆ ಬಾರದು.

ಈ ಗುರುತಿಗೂ ಸುಂಕದ ಸಾಲಿಗೂ ಸಂಬಂಧವಿಲ್ಲ ಎಂಬುದು ಬಹಳ ಜನರಿಗೆ ತಿಳಿಯದು. ಗುರುತಿನ ಮಾನ್ಯತೆ ಹೆಸರನ್ನು ಕಾಯುತ್ತದೆ, ಸುಂಕದ ಪಟ್ಟಿ ವಸ್ತುವನ್ನು ನೋಡುತ್ತದೆ. ಬೇರೆ ದೇಶದ ಕಾರ್ಖಾನೆಯೊಂದು ತೊಗಲಿನಲ್ಲೇ ಹೆಬ್ಬೆರಳ ಪಟ್ಟಿಯ ಚಪ್ಪಲಿ ಮಾಡಿ ಕಳಿಸಿದರೆ ಅದೂ 6403.20ಕ್ಕೇ ಸಲ್ಲುತ್ತದೆ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇಂಥದೇ ಜೋಡನ್ನು ಭಾರತದ ಹೆಸರೆತ್ತದೆ ತೋರಿಸಿದಾಗ ಗದ್ದಲವಾದದ್ದು ನೆನಪಿರಬಹುದು. ಟೀಕೆ ಬಂದ ಮೇಲೆ ಸಂಸ್ಥೆ ಮೂಲವನ್ನು ಒಪ್ಪಿಕೊಂಡಿತು. ಆ ವರ್ಷದ ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ನಿಗಮಗಳ ಜೊತೆ ಸೇರಿ ಇಲ್ಲೇ ಚಪ್ಪಲಿ ಮಾಡಿಸುವ ಒಪ್ಪಂದವನ್ನೂ ಪ್ರಕಟಿಸಿತು. ಪಾಯೆಸ್ ನಮ್ಮ ಪಟ್ಟಿ ಚಪ್ಪಲಿಯನ್ನು ಇಟಲಿಯದಕ್ಕೆ ಹೋಲಿಸಿದ್ದ. ಐದು ಶತಮಾನದ ಮೇಲೆ ಇಟಲಿಯವರಿಗೆ ನಾವು ನೆನಪಿಸಬೇಕಾಯಿತು.

ಅದೇ 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಎರಡು ಕಂತಿನಲ್ಲಿ ಒಟ್ಟು ಶೇ 50ರ ಹೆಚ್ಚುವರಿ ಸುಂಕ ಹೇರಿತು. ಆಗ ಅಟ್ಟೆ ಯಾವುದು, ಪಟ್ಟಿ ಯಾವುದು ಎಂದು ಯಾರೂ ಕೇಳಲಿಲ್ಲ. ಯಾವ ದೇಶದ್ದು ಎಂಬುದಷ್ಟೇ ಪ್ರಶ್ನೆ. ಸುಂಕವಿಲ್ಲದ ಸಾಲಿನಲ್ಲಿ ಆರಾಮವಾಗಿದ್ದ ಚಪ್ಪಲಿಯೂ ಆ ಹೊರೆಯಡಿ ಬಂತು. ನೂನಿಜ್ ಕಂಡ ದ್ವಾರದ ಗುತ್ತಿಗೆದಾರ ನೆನಪಾಗುವುದು ಇಂಥ ಹೊತ್ತಿನಲ್ಲಿ. ವಸ್ತುವನ್ನು ಅಳೆದು ನೋಡುವ ಪುಸ್ತಕ ಎಷ್ಟೇ ನೀರಸವಾಗಿರಲಿ, ಅದರೊಡನೆ ವಾದ ಮಾಡಬಹುದು, ಮೇಲ್ಮನವಿ ಹಾಕಬಹುದು. ‘ಕೇಳಿದಷ್ಟು ಕೊಡು’ ಎನ್ನುವವನೊಡನೆ ಆಗದು.

ರೂಪನಗುಡಿಯಲ್ಲಿ ಕಂಡ ಆ ಹಿರಿಯರ ಮೆಟ್ಟಿನ ಅಟ್ಟೆ ತೊಗಲಿನದೇ. ಉಂಗುಟವಂತೂ ಕಿತ್ತು ಎಷ್ಟು ಕಾಲವಾಗಿತ್ತೋ. ಪಾದದ ಮೇಲಿನ ಪಟ್ಟಿ ಮಾತ್ರ ಹೊಸದು, ಅದೂ ಕಪ್ಪು ಪ್ಲಾಸ್ಟಿಕ್ಕಿನದು. ತೊಗಲಿನದು ಹರಿದಾಗ ಯಾರೋ ಹೊಲಿದು ಕೊಟ್ಟಿದ್ದಾರೆ. ಅಂಥದೇ ಜೋಡು ಹೊಸದಾಗಿ ಹಡಗಿನಲ್ಲಿ ಬಂದಿದ್ದರೆ 6403ಕ್ಕೆ ಸಲ್ಲುತ್ತಿರಲಿಲ್ಲ, ಏಕೆಂದರೆ ಮೇಲ್ಭಾಗ ತೊಗಲಲ್ಲ. 6402ಕ್ಕೂ ಇಲ್ಲ, ಅಟ್ಟೆ ಪ್ಲಾಸ್ಟಿಕ್ ಅಲ್ಲ. ಯಾವುದಕ್ಕೂ ಹೊಂದದವರ ಸಾಲು ಇದೆಯಲ್ಲ, 6405, ಅಲ್ಲಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಬಸ್ಸು ಬಂತು. ಅವರು ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹತ್ತಿದರು.